ಬುಡ ಸಮೇತ

ಅಗುಸ್ತೂಫ್ ಪೇಟೆಯ ಆರೋಗ್ಯ ಕಚೇರಿಯಲ್ಲಿ
ಮೆಟ್ಟಿಲ ಕೆಳಗಿನ ಕೋಣೆ ನನ್ನದು.
ಒಂದು ಮೇಜು, ಹಳೇ ಪತ್ರಿಕೆ, ಸಣ್ಣ ಚಾಕು, ಒಂದು ಮೂಗು.
ಅಕ್ಟೋಬರಿನಲ್ಲಿ ಅಣಬೆಗೆಂದು ಕಾಡಿಗೆ ಹೋದವರು
ಒಲೆ ಹಚ್ಚುವ ಮುಂಚೆ ಇಲ್ಲಿಗೆ ಬರಬೇಕು.
ಬರುತ್ತಾರೆ, ಕೆಲವರು.

ಈ ಮಂಗಳವಾರ ತ್ಸೆಜಾರಿ ಬಂದ, ಲಾರಿ ಓಡಿಸುವವನು,
ಕಂಕುಳಲ್ಲಿ ಬುಟ್ಟಿ, ಬೆರಳು ಹಿಡಿದ ಮಗಳು.
ಬುಟ್ಟಿ ಇಳಿಸುವ ಮೊದಲೇ ಫೋನು ಚಾಚಿದ:
"ನೋಡಿ ಪಾನಿ ಒತಿಲ್ಯಾ, ಇದು ಆಗಲೇ ಹೇಳಿಬಿಟ್ಟಿದೆ.
ತೊಂಬತ್ನಾಲ್ಕು ಪರ್ಸೆಂಟ್ ಒಳ್ಳೆಯ ಜಾತಿ.
ನಿಮ್ಮದೊಂದು ಸೀಲು ಬಿದ್ದರೆ ಆಯಿತು."

ಫೋನಿನ ಮೇಲೆ ನಾನು ಮುನಿಸಿಕೊಳ್ಳಲಿಲ್ಲ.
ಚಿತ್ರಕ್ಕೆ ಸಿಕ್ಕಿದ್ದನ್ನು ಅದು ಸರಿಯಾಗೇ ಓದಿತ್ತು:
ಹಸಿರು ಟೋಪಿ, ಅದರಡಿ ಬಿಳಿ ಕಿವಿರು.
ಸಿಗದೇ ಹೋದದ್ದು ಕಾಡಿನಲ್ಲೇ ಉಳಿದಿತ್ತು,
ಪಾಚಿಯ ಒಳಗೆ, ತ್ಸೆಜಾರಿಯ ಚಾಕು
ನೀಟಾಗಿ ಕೊಯ್ದು ಬಿಟ್ಟುಬಂದ ಬುಡ.
"ಬುಡ ಎಲ್ಲಿ?" ಅಂದೆ.
"ಬುಟ್ಟಿ ಮಣ್ಣಾಗುತ್ತೆ ಅಂತ..." ಅಂದ.

ಪುಣ್ಯಕ್ಕೆ ಒಂದನ್ನು ಹುಡುಗಿ ಕಿತ್ತಿದ್ದಳು,
ಚಾಕು ಕೊಡದ ಕಾರಣ, ಬರಿಗೈಯಲ್ಲಿ.
ಒಡೆದ ಮೊಟ್ಟೆಯ ಚಿಪ್ಪಿನಂಥ ಬಿಳಿ ಚೀಲ,
ಅದರೊಳಗಿಂದ ಎದ್ದ ಕಾಲು.
ಮೂಸಿದೆ. ಹಳಸಿದ ಜೇನು.
ಇದನ್ನು ತಿಂದ ಸಂಜೆ ಏನೂ ಆಗುವುದಿಲ್ಲ.
ಮಾರನೇ ದಿನ ವಾಂತಿ. ಅದರ ಮಾರನೇ ದಿನ
ಗುಣವಾಯಿತೆಂದು ಎದ್ದು ಚಹಾ ಕಾಸುತ್ತಾರೆ.
ಲಿವರ್ ಮಾತ್ರ ಒಳಗೇ ಲೆಕ್ಕ ಮುಗಿಸುತ್ತಿರುತ್ತದೆ.

ಉಳಿದ ಆರು ಪರ್ಸೆಂಟ್ ಯಾರ ತಟ್ಟೆಗೆ ಎಂದು
ಫೋನು ಹೇಳಿರಲಿಲ್ಲ.
ಕೇಳಿದ್ದರೆ, ಪಾಪ, ಎಚ್ಚರಿಸುತ್ತಿತ್ತೇನೋ. ಇವನು ಕೇಳಿರಲಿಲ್ಲ.

ಬುಟ್ಟಿ ಪೂರ್ತಿ ಕಸಕ್ಕೆ ಸುರಿದು ಇಬ್ಬರ ಕೈ ತೊಳೆಸಿದೆ.
ಹುಡುಗಿ ಮೆಲ್ಲಗೆ: "ನಾನು ಕಿತ್ತದ್ದು ಕೆಟ್ಟದ್ದಾ?"
"ನೀನು ಕಿತ್ತದ್ದೇ ಒಳ್ಳೆಯದಾಯಿತು ಮಗಳೇ."

ಹಾಗಂತ ಎಐ ಅಂದರೆ ಉರಿದುಬೀಳುವ ಮುದುಕಿಯಲ್ಲ ನಾನು.
ಹೋದ ಚಳಿಗಾಲ ಮೂವತ್ತೆಂಟು ವರ್ಷದ ರಿಜಿಸ್ಟರುಗಳನ್ನು,
ನನ್ನ ಕೋಳಿಕಾಲಿನ ಅಕ್ಷರ ಸಹಿತ,
ಅದರ ಮುಂದೆ ಪುಟಪುಟ ಬಿಡಿಸಿಟ್ಟೆ.
ನನ್ನ ಕಣ್ಣಿಗೆ ಮೂರು ವರ್ಷದ ಕೆಲಸ, ಅದಕ್ಕೆ ಮೂರು ಸಂಜೆ.
ತಪ್ಪು ಓದಿದರೂ ಪುಟ ಎಲ್ಲಿಗೂ ಓಡಿಹೋಗಿಲ್ಲ,
ತಿರುವಿ ನೋಡಬಹುದು.

ಆ ಲೆಕ್ಕದಲ್ಲೇ ಅದು ನನ್ನನ್ನು ಹಿಡಿದುಕೊಟ್ಟಿದ್ದು.
ಮರಳು ನೆಲದ ಹಳದಿ ಅಣಬೆ:
ತಿನ್ನಬಹುದು, ತಿನ್ನಬಹುದು, ಕೆಳಗೆ ನನ್ನ ಸಹಿ,
ಇನ್ನೂರ ಹದಿನಾಲ್ಕು ಸಲ.
ಆಮೇಲಲ್ಲವೇ ಪುಸ್ತಕದವರು ಅದನ್ನು ವಿಷದ ಪಟ್ಟಿಗೆ ಸೇರಿಸಿದ್ದು.
ನನ್ನ ಮೂಗು ಒಮ್ಮೆಯೂ ಅನುಮಾನಿಸಿರಲಿಲ್ಲ.
ಆ ರಾತ್ರಿ ಇನ್ನೂರ ಹದಿನಾಲ್ಕು ಅಡುಗೆಮನೆಗಳಲ್ಲಿ
ಬೆಣ್ಣೆ ಚಟಗುಡುವುದು ಕೇಳಿಸುತ್ತಲೇ ಇತ್ತು.

ಯಾವ ಕೆಲಸ ಯಾರಿಗೆ ಎನ್ನುವಾಗ ಈಗೀಗ
ಯಾರು ಜಾಣರು ಎಂದು ಕೇಳುವುದಿಲ್ಲ.
ತಪ್ಪಾದರೆ ಯಾರಿಗೆ ಗೊತ್ತಾಗುತ್ತದೆ, ಎಷ್ಟು ಹೊತ್ತಿಗೆ,
ಇಷ್ಟು ಕೇಳಿಕೊಂಡು ಕುರ್ಚಿ ಎಳೆದುಕೊಳ್ಳುತ್ತೇನೆ.
ಒಮ್ಮೊಮ್ಮೆ ಅದಕ್ಕೂ ಉತ್ತರ ಹೊಳೆಯುವುದಿಲ್ಲ.

ಯುಕ್ರೇನಿನಿಂದ ಬಂದವರು ಈಗ ಊರಲ್ಲಿ ಬಹಳ.
ಅವರ ಮಾತು ನನಗೆ ಅರ್ಧ ಬರುತ್ತದೆ.
ಪೂರ್ತಿ ಬಾರದವರಿಗಿಂತ ಅರ್ಧ ಬರುವವರೇ ಎಡವುವುದು.
"ಕೊಯ್ಯಬೇಡಿ, ಬುಡದ ಚೀಲದ ಸಮೇತ ತನ್ನಿ"
ಎಂದು ನೋಟೀಸು ಬರೆದು ಯಂತ್ರಕ್ಕೆ ಕೊಟ್ಟೆ.
ರೆಪ್ಪೆ ಬಡಿಯುವುದರೊಳಗೆ ಅವರ ಭಾಷೆಗೆ ತಿರುಗಿಸಿತು,
ನನಗಿಂತ ಮರ್ಯಾದೆಯ ಮಾತಿನಲ್ಲಿ.
ಅಂಟು ಹಚ್ಚಿದವಳು ಯಾಕೋ ನಿಂತು
ಬೀದಿ ದಾಟಿ ಓದಾರ್ಕಾಳ ಬೇಕರಿಗೆ ಹೋದೆ.

ಓದಿದಳು, ಹುಬ್ಬೇರಿಸಿದಳು:
"ಅಣಬೆ ಚೀಲಕ್ಕೆ ತುಂಬಿಕೊಂಡು ಬನ್ನಿ ಅಂತಿದೆಯಲ್ಲ?"
ಇಬ್ಬರೂ ನಕ್ಕೆವು. ನನ್ನ ನಗು ಮೊದಲು ನಿಂತಿತು.
ಅವಳು ಕಿವಿಯ ಸಂದಿಯ ಪೆನ್ಸಿಲು ತೆಗೆದು
ಒಂದು ಪದ ಹೊಡೆದು ಇನ್ನೊಂದು ಬರೆದಳು.

ನೋಟೀಸು ಈಗ ಬಾಗಿಲ ಮೇಲಿದೆ,
ಹಿಟ್ಟಿನ ಹೆಬ್ಬೆಟ್ಟಿನ ಗುರುತು ಸಮೇತ.